ಹಗುರ ಕೆಲಸಕ್ಕೆ ಹಗುರ ಪಗಾರವೇ?

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ದುಡಿಮೆಯ ಬಗ್ಗೆ ಮಾತು ಬಂದಾಗಲೆಲ್ಲ ಎರಡೇ ಹೆಸರುಗಳು ಕೇಳಿಬರುತ್ತವೆ: ಕಬ್ಬು ಮತ್ತು ಮಗ್ಗ. ಕಬ್ಬಿನ ಬೆಲೆಗಾಗಿ ಹೋರಾಟಗಳು ನಡೆಯುತ್ತವೆ, ನೇಕಾರರ ಸಮಸ್ಯೆಗಳ ಬಗ್ಗೆ ಸಚಿವರಿಗೆ ಮನವಿಗಳು ಸಲ್ಲಿಕೆಯಾಗುತ್ತವೆ. ಅದು ಸಹಜವೂ ಹೌದು, ನ್ಯಾಯವೂ ಹೌದು. ಆದರೆ ರಬಕವಿಯಲ್ಲಿ ನೇಯ್ದ ಸೀರೆ ಮಗ್ಗದಿಂದ ಅಂಗಡಿಗೆ ತಾನಾಗಿ ನಡೆದು ಹೋಗುವುದಿಲ್ಲ. ಮಹಾಲಿಂಗಪುರದ ಪೇಟೆಯ ಬೆಲ್ಲ ತಾನಾಗಿ ಗೋದಾಮು ಸೇರುವುದಿಲ್ಲ. ನೂಲಿನ ಗಂಟು, ಸಿಮೆಂಟಿನ ಚೀಲ, ಅಡುಗೆ ಅನಿಲದ ಸಿಲಿಂಡರ್, ಕಿರಾಣಿ ಸಾಮಾನು, ಕೊರಿಯರ್ ಪೆಟ್ಟಿಗೆ ಎಲ್ಲವನ್ನೂ ಹೊತ್ತು ತರುವವನು ಗೂಡ್ಸ್ ಗಾಡಿಯ ಚಾಲಕ. ಹೆಸರಿಗೆ ಚಾಲಕನಾದರೂ ಅನೇಕ ಕಡೆ ಹಮಾಲನೂ ಅವನೇ, ವಸೂಲಿಗಾರನೂ ಅವನೇ. ಈ ಕಸುಬಿನಲ್ಲಿರುವವರಲ್ಲಿ ನಮ್ಮ ಸಮುದಾಯದ ಯುವಕರು ಅನೇಕರು. ಆದರೂ ಅವರ ನೆನಪು ಸಮಾಜಕ್ಕೆ ಬರುವುದು ಅವರ ಕೈಯೋ ಕಾಲೋ ಮುರಿದಾಗ ಮಾತ್ರ.

ಮುರಿದ ಮೇಲೆ ಏನಾಗುತ್ತದೆ ಎಂಬುದನ್ನು ಬಲ್ಲವರೇ ಬಲ್ಲರು. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದೆ ನಿಂತ ಟ್ರೇಲರ್‌ಗೆ ರಾತ್ರಿ ಗಾಡಿ ಡಿಕ್ಕಿಯಾಗಬಹುದು, ಅಥವಾ ಮಾಲು ಇಳಿಸುವಾಗ ಚಾಲಕ ಗಾಡಿಯ ಮೇಲಿಂದ ಬೀಳಬಹುದು. ಮಾಲಕ ಒಳ್ಳೆಯವನಾದರೆ ಮೊದಲ ದಿನದ ಆಸ್ಪತ್ರೆಯ ಬಿಲ್ಲು ಕಟ್ಟುತ್ತಾನೆ. ಮುಂದಿನ ಒಂದೆರಡು ತಿಂಗಳು ಮನೆಯವರು ಸಾಲದಲ್ಲಿ ದಿನ ದೂಡುತ್ತಾರೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಮಾಲಕನಿಂದ ಕರೆ ಬರುತ್ತದೆ: “ಈಗ ಗಾಡಿ ಹೊಡೆಯುವುದು ಬೇಡ. ಗೋದಾಮಿನಲ್ಲಿ ಕೂತು ಮಾಲಿನ ಲೆಕ್ಕ ಬರೆದುಕೋ. ಪಗಾರ ಮಾತ್ರ ಅರ್ಧ.” ಇಷ್ಟಾದರೂ ಸಿಕ್ಕಿತಲ್ಲ ಎಂದು ಮನೆಯವರು ಶುಕ್ರ್ ಹೇಳುತ್ತಾರೆ. ಮಾಲಕನೂ ತಾನೊಂದು ಪುಣ್ಯದ ಕೆಲಸ ಮಾಡಿದೆನೆಂದು ಪ್ರಾಮಾಣಿಕವಾಗಿಯೇ ನಂಬುತ್ತಾನೆ. ಉಳಿದ ಅರ್ಧವನ್ನು ತುಂಬಲು ಶುಕ್ರವಾರ ಮಸೀದಿಯ ಬಾಗಿಲಲ್ಲಿ ಟವಲು ಹಾಸಲಾಗುತ್ತದೆ.

ಈ ಇಡೀ ವ್ಯವಸ್ಥೆಯಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ. ಆ ಉಳಿದ ಅರ್ಧವನ್ನು ಕೊಡಬೇಕಾದವರು ಯಾರು? ಮೊಹಲ್ಲಾದವರೋ, ಮಾಲಕನೋ? ಯಾರ ಮಾಲು ಸಾಗಿಸುವಾಗ ಗಾಯವಾಯಿತೋ ಅವರೇ ಕೊಡಬೇಕೆಂಬುದು ವಿವೇಕದ ಉತ್ತರ. ಈ ದೇಶದ ಕಾನೂನಿನ ಉತ್ತರವೂ ಅದೇ ಆಗಿದೆ, ಅದೂ ನೂರು ವರ್ಷಗಳಿಗೂ ಹಿಂದಿನಿಂದ.

1923ರಲ್ಲಿ ಬ್ರಿಟಿಷ್ ಸರಕಾರದ ಕಾಲದಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂತು. 2009ರ ತಿದ್ದುಪಡಿಯು ಅದರ ಹೆಸರನ್ನು ಬದಲಿಸಿತು ಮತ್ತು ಚಿಕಿತ್ಸೆಯ ನೈಜ ವೆಚ್ಚವನ್ನೂ ಮಾಲಕನೇ ಭರಿಸಬೇಕೆಂದು ವಿಧಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಈ ಕಾಯ್ದೆಯ ಸ್ಥಾನವನ್ನು ಪಡೆದಿದೆ. ಕಲಮುಗಳ ಸಂಖ್ಯೆ ಬದಲಾಗಿದೆ, ಮೂಲ ತತ್ತ್ವ ಬದಲಾಗಿಲ್ಲ. ಕೆಲಸದ ಕಾರಣದಿಂದ, ಕೆಲಸದ ವೇಳೆಯಲ್ಲಿ ಆದ ಗಾಯಕ್ಕೆ ಮಾಲಕನೇ ಹೊಣೆ. ಇಲ್ಲಿ ಮಾಲಕನ ತಪ್ಪನ್ನು ಸಾಬೀತುಪಡಿಸಬೇಕಾದ ಅಗತ್ಯವಿಲ್ಲ. ಗಾಡಿಯ ಚಾಲಕ, ಕ್ಲೀನರ್, ಸಹಾಯಕ, ಮೆಕ್ಯಾನಿಕ್ ಎಲ್ಲರೂ ಇದರ ವ್ಯಾಪ್ತಿಗೆ ಬರುತ್ತಾರೆ. “ಅವನು ನಮ್ಮಲ್ಲಿ ಕಾಯಂ ಅಲ್ಲ, ದಿನಗೂಲಿ” ಎಂಬ ನೆಪವೂ ನಡೆಯದು. ತಾತ್ಕಾಲಿಕ ಕೆಲಸಗಾರರನ್ನು ಹೊರಗಿಡುತ್ತಿದ್ದ ಮಾತುಗಳನ್ನು 2000ದ ತಿದ್ದುಪಡಿಯಲ್ಲಿಯೇ ಕಾಯ್ದೆಯಿಂದ ತೆಗೆದುಹಾಕಲಾಗಿದೆ.

ಇನ್ನು ಹಗುರ ಕೆಲಸದ ಪಗಾರದ ಲೆಕ್ಕವನ್ನು ನೋಡೋಣ. ಗಾಯದಿಂದ ತಾತ್ಕಾಲಿಕವಾಗಿ ದುಡಿಯಲಾಗದವನಿಗೆ ಪ್ರತಿ ಅರ್ಧ ತಿಂಗಳಿಗೊಮ್ಮೆ ಮಾಸಿಕ ಪಗಾರದ ಶೇ. 25ರಷ್ಟನ್ನು, ಅಂದರೆ ತಿಂಗಳಿಗೆ ಅರ್ಧ ಪಗಾರವನ್ನು ಪರಿಹಾರವಾಗಿ ಕೊಡಬೇಕು. ಅಸಾಮರ್ಥ್ಯವು 28 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಮುಂದುವರಿದರೆ ಮೊದಲ ದಿನದಿಂದಲೇ ಲೆಕ್ಕ. ಗರಿಷ್ಠ ಅವಧಿ ಐದು ವರ್ಷ. ಈ ಪರಿಹಾರವು ಪೂರ್ಣವಾಗಿ ಹಾಸಿಗೆ ಹಿಡಿದವನಿಗೆ ಮಾತ್ರವಲ್ಲ, ಭಾಗಶಃ ದುಡಿಯಬಲ್ಲವನಿಗೂ ಸಲ್ಲುತ್ತದೆ. ಅಂಥವನ ವಿಷಯದಲ್ಲಿ ಕಾಯ್ದೆಯು ಒಂದೇ ಒಂದು ಮಿತಿಯನ್ನು ಹಾಕಿದೆ: ಅಪಘಾತಕ್ಕೆ ಮುಂಚಿನ ಪಗಾರಕ್ಕೂ ಈಗ ಗಳಿಸುತ್ತಿರುವ ಪಗಾರಕ್ಕೂ ಇರುವ ಅಂತರವನ್ನು ಪರಿಹಾರವು ಮೀರಬಾರದು.

ಇದನ್ನು ಅಂಕಿಗಳಲ್ಲಿ ಇಟ್ಟು ನೋಡಿದರೆ ಅರ್ಥ ಸ್ಪಷ್ಟವಾಗುತ್ತದೆ. ಒಬ್ಬ ಚಾಲಕನ ಪಗಾರ 12,000 ರೂಪಾಯಿ ಎಂದಿಟ್ಟುಕೊಳ್ಳಿ. ಮನೆಯಲ್ಲಿ ಮಲಗಿದ್ದಾಗ ಅವನಿಗೆ ತಿಂಗಳಿಗೆ 6,000 ರೂಪಾಯಿ ಪರಿಹಾರ ಸಲ್ಲಬೇಕು. ನಂತರ ಅವನು 7,000 ರೂಪಾಯಿಯ ಹಗುರ ಕೆಲಸಕ್ಕೆ ಬರುತ್ತಾನೆ. ಆಗ ಅಂತರ 5,000. ಮಾಲಕನು ಈ ಐದು ಸಾವಿರವನ್ನು ಪರಿಹಾರವಾಗಿ ಸೇರಿಸಿ ಕೊಡಬೇಕು, ಮೊತ್ತ ಮತ್ತೆ 12,000 ಆಗುತ್ತದೆ. ಹಗುರ ಕೆಲಸಕ್ಕೆ 4,000 ಮಾತ್ರ ಕೊಟ್ಟರೂ 6,000 ರೂಪಾಯಿ ಪರಿಹಾರ ಸೇರಿ ಕೈಗೆ 10,000 ಬರಬೇಕು. ಅಂದರೆ, “ಕೆಲಸ ಹಗುರ, ಆದ್ದರಿಂದ ಪಗಾರವೂ ಹಗುರ” ಎಂಬ ವಾದವನ್ನು ಕಾನೂನು ಒಪ್ಪಿಲ್ಲ. ಕಡಿಮೆಯಾದ ಪಗಾರವೇ ಪರಿಹಾರದ ಲೆಕ್ಕಕ್ಕೆ ಆಧಾರವಾಗುತ್ತದೆ. ನಮ್ಮ ಊರುಗಳಲ್ಲಿ ಮಾಲಕರೂ ಚಾಲಕರೂ ಈ ಸರಳ ಲೆಕ್ಕವನ್ನು ಅರಿತಿದ್ದರೆ ಎಷ್ಟೋ ಮನೆಗಳ ಬಂಗಾರ ಗಿರವಿ ಅಂಗಡಿಗೆ ಹೋಗುತ್ತಿರಲಿಲ್ಲ.

ಇಎಸ್‌ಐ ಅನ್ವಯವಾಗುವ ಸಂಸ್ಥೆಯಲ್ಲಿ ದುಡಿಯುವವರಿಗೆ ವ್ಯವಸ್ಥೆ ಬೇರೆ. ಅಲ್ಲಿ ತಾತ್ಕಾಲಿಕ ಅಸಾಮರ್ಥ್ಯದ ಅವಧಿಗೆ ವೇತನದ ಸುಮಾರು ಶೇ. 90ರಷ್ಟನ್ನು ಇಎಸ್‌ಐ ನಿಗಮವೇ ನೀಡುತ್ತದೆ. ಆದರೆ ಎರಡು ಗಾಡಿ, ಮೂರು ಆಳು ಇಟ್ಟುಕೊಂಡ ಅಂಗಡಿಗೆ ಇಎಸ್‌ಐ ಎಲ್ಲಿಂದ ಬರಬೇಕು? ಅಂಥಲ್ಲಿ ಹೊಣೆ ನೇರವಾಗಿ ಮಾಲಕನದೇ.

ಗಾಯವು ಶಾಶ್ವತವಾದಾಗ ಅನ್ಯಾಯವು ಇನ್ನೂ ಸೂಕ್ಷ್ಮವಾದ ರೂಪವನ್ನು ತಾಳುತ್ತದೆ. “ಕೈ ಹೋದರೇನಾಯಿತು, ಕೂತು ಮಾಡುವ ಕೆಲಸ ಮಾಡಬಹುದಲ್ಲ” ಎಂಬ ಮಾತಿನಿಂದ ಪರಿಹಾರವನ್ನೇ ಕತ್ತರಿಸಲಾಗುತ್ತದೆ. ಸುಪ್ರೀಂ ಕೋರ್ಟು ಈ ವಾದವನ್ನು ಮತ್ತೆ ಮತ್ತೆ ತಳ್ಳಿಹಾಕಿದೆ. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ (1976) ಎಡಗೈ ಕಳೆದುಕೊಂಡ ಬಡಗಿಯನ್ನು ಅದು ಸಂಪೂರ್ಣ ಅಸಮರ್ಥನೆಂದೇ ಪರಿಗಣಿಸಿತು, ಏಕೆಂದರೆ ಒಂದೇ ಕೈಯಿಂದ ಬಡಗಿತನ ಸಾಧ್ಯವಿಲ್ಲ. ರಾಜ್ ಕುಮಾರ್ ಪ್ರಕರಣದಲ್ಲಿ (2011) ನ್ಯಾಯಾಲಯ ಚಾಲಕನನ್ನೇ ಉದಾಹರಣೆಯಾಗಿ ತೆಗೆದುಕೊಂಡಿತು. ಎಡಗೈ ಹೋದ ಗುಮಾಸ್ತ ತನ್ನ ನೌಕರಿಯಲ್ಲಿ ಮುಂದುವರಿಯಬಹುದು, ಚಾಲಕನ ಗಳಿಕೆ ಮಾತ್ರ ಬಹುತೇಕ ಪೂರ್ಣವಾಗಿ ನಿಂತುಹೋಗಬಹುದು. ಆದ್ದರಿಂದ ವೈದ್ಯರು ಬರೆದ ಶೇಕಡಾವಾರು ಒಂದೇ ಸಾಲದು, ಅವನ ಕಸುಬಿಗೆ ಆದ ನಷ್ಟವನ್ನು ಅಳೆಯಬೇಕು. ಮೋಹನ್ ಸೋನಿ ಪ್ರಕರಣ (2012) ಕಾಲು ಕಳೆದುಕೊಂಡ ಕೈಗಾಡಿ ಎಳೆಯುವವನದು. ಬೇರೆ ಕಸುಬು ಮಾಡಬಹುದೆಂಬ ಬರಿಯ ಊಹೆಯ ಮೇಲೆ ಪರಿಹಾರ ಕಡಿಮೆ ಮಾಡುವಂತಿಲ್ಲ, ಹಾಗೆ ವಾದಿಸುವವರೇ ಅದಕ್ಕೆ ಪುರಾವೆ ಕೊಡಬೇಕು ಎಂಬುದು ಅದರ ತೀರ್ಪಿನ ಸಾರ.

ಇಲ್ಲಿ ಒಂದು ಹೋಲಿಕೆ ಅನಿವಾರ್ಯ. ಸರಕಾರಿ ಸಾರಿಗೆ ಸಂಸ್ಥೆಯ ಬಸ್ಸಿನ ಚಾಲಕನೂ ನಮ್ಮ ಗೂಡ್ಸ್ ಗಾಡಿಯ ಚಾಲಕನೂ ಒಂದೇ ರಸ್ತೆಯಲ್ಲಿ ಓಡಾಡುವವರು, ಒಂದೇ ಗುಂಡಿಗೆ ಬೀಳುವವರು. ಬಸ್ಸಿನ ಚಾಲಕನು ಸೇವೆಯಲ್ಲಿದ್ದಾಗ ಅಂಗವಿಕಲನಾದರೆ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಇಳಿಸುವಂತಿಲ್ಲ. ಅವನು ಮಾಡಬಲ್ಲ ಬೇರೆ ಹುದ್ದೆಗೆ ಅದೇ ವೇತನ ಶ್ರೇಣಿಯಲ್ಲಿ ವರ್ಗಾಯಿಸಬೇಕು. 1995ರ ಅಂಗವಿಕಲರ ಕಾಯ್ದೆಯ 47ನೇ ಕಲಮು ಇದನ್ನು ವಿಧಿಸಿತ್ತು, 2016ರ ಕಾಯ್ದೆಯ 20ನೇ ಕಲಮು ಅದನ್ನು ಮುಂದುವರಿಸಿದೆ. ಆದರೆ ಈ ರಕ್ಷಣೆ ಇರುವುದು ಸರಕಾರಿ ಸಂಸ್ಥೆಗಳಲ್ಲಿ ಮಾತ್ರ. ಖಾಸಗಿ ಮಾಲಕನ ಚಾಲಕನಿಗೆ ಹಗುರ ಕೆಲಸವನ್ನು ಕೇಳಿ ಪಡೆಯುವ ಇಂಥ ಹಕ್ಕಿಲ್ಲ. ಹಳೆಯ ಪಗಾರದಲ್ಲಿ ಹಗುರ ಕೆಲಸ ಕೊಡುವುದು ಅಸಾಧ್ಯವೆಂದು ವಾದಿಸುವವರು ಸರಕಾರವೇ ಅದನ್ನು ಮೂರು ದಶಕಗಳಿಂದ ಒಪ್ಪಿಕೊಂಡಿದೆ ಎಂಬುದನ್ನು ಗಮನಿಸಲಿ. ಈ ತತ್ತ್ವವನ್ನು ಖಾಸಗಿ ವಲಯಕ್ಕೂ ವಿಸ್ತರಿಸಬೇಕೆಂಬ ಬೇಡಿಕೆಯನ್ನು ನಮ್ಮ ಶಾಸಕರ, ಸಂಸದರ ಮುಂದೆ ಇಡಬೇಕಾಗಿದೆ.

ಆ್ಯಪ್ ಕಂಪೆನಿಗಳಿಗಾಗಿ ಬೈಕಿನಲ್ಲಿ ಊಟ, ಪಾರ್ಸೆಲ್ ತಲುಪಿಸುವ ಹುಡುಗರ ಸ್ಥಿತಿ ಇನ್ನೂ ಅತಂತ್ರ. ದುಡಿಮೆ ಅರಸಿ ಹುಬ್ಬಳ್ಳಿ, ಬೆಂಗಳೂರು, ಪುಣೆಗಳಿಗೆ ಹೋದ ನಮ್ಮ ಮಕ್ಕಳಲ್ಲಿ ಅನೇಕರು ಈ ಕೆಲಸದಲ್ಲಿದ್ದಾರೆ. ಕಂಪೆನಿಗಳು ಅವರನ್ನು ನೌಕರರೆನ್ನದೆ ಪಾಲುದಾರರೆನ್ನುತ್ತವೆ. ಪಾಲುದಾರನಿಗೆ ಹಗುರ ಕೆಲಸವೆಂಬುದೇ ಇಲ್ಲ. ಕಾಲು ಮುರಿದ ದಿನದಿಂದ ಗಳಿಕೆ ಸೊನ್ನೆ. 2025ರಲ್ಲಿ ಕರ್ನಾಟಕವು ಇವರಿಗಾಗಿ ಕಾಯ್ದೆಯೊಂದನ್ನು ತಂದಿದೆ. ಕಾರ್ಮಿಕನಿಗೆ ಪಾವತಿಯಾಗುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಕಲ್ಯಾಣ ಮಂಡಳಿಯಲ್ಲಿ ನೋಂದಣಿ, ಕೆಲಸದಿಂದ ತೆಗೆಯುವ ಮುನ್ನ 14 ದಿನಗಳ ನೋಟಿಸು ಅದರಲ್ಲಿವೆ. ಇದು ಒಳ್ಳೆಯ ಆರಂಭ. ಆದರೆ ಗಾಯಾಳುವಿನ ತಿಂಗಳ ಗಳಿಕೆಯನ್ನು ತುಂಬಿಕೊಡದೆ ಈ ಆರಂಭ ಪೂರ್ಣವಾಗದು.

ಈಗ ನಮ್ಮೊಳಗಿನ ಮಾತು. ಗಾಯಗೊಂಡ ಚಾಲಕ ಮಾತ್ರ ನಮ್ಮವನಲ್ಲ, ಅನೇಕ ಸಲ ಮಾಲಕನೂ ನಮ್ಮವನೇ. ದುಡಿದವನ ಕೂಲಿಯನ್ನು ತಡಮಾಡಬಾರದೆಂಬ ಪ್ರವಾದಿಯವರ ಆದೇಶವನ್ನು ಜುಮಾ ಪ್ರವಚನದಲ್ಲಿ ಕೇಳದವರು ಯಾರಿದ್ದಾರೆ? ಮಾನವರ ಪರಸ್ಪರ ಹಕ್ಕುಗಳನ್ನು ಹಕ್ಕುದಾರನೇ ಮನ್ನಿಸಬೇಕೆಂಬುದನ್ನು ನಮ್ಮ ಮದ್ರಸಾಗಳಲ್ಲಿ ಚಿಕ್ಕ ಮಕ್ಕಳಿಗೂ ಕಲಿಸಲಾಗುತ್ತದೆ. ಹಾಗಿರುವಾಗ ಗಾಯಾಳುವಿಗೆ ಸಲ್ಲಬೇಕಾದ ಹಣವನ್ನು ತಡೆಹಿಡಿದು, ಅವನಿಗಾಗಿ ಹಾಸಿದ ಟವಲಿಗೆ ಐನೂರು ರೂಪಾಯಿ ಹಾಕಿ ನೆಮ್ಮದಿಯಿಂದ ಮನೆಗೆ ಹೋಗುವುದು ಯಾವ ಧರ್ಮನಿಷ್ಠೆ? ಸದಕಾ ಶ್ರೇಷ್ಠವಾದದ್ದು, ಸಂಶಯವಿಲ್ಲ. ಆದರೆ ಸಾಲ ತೀರಿಸದವನು ಸಾಲಗಾರನಿಗೇ ದಾನ ಕೊಟ್ಟರೆ ಅದು ದಾನವಾಗುವುದಿಲ್ಲ. ಮೊಹಲ್ಲಾದ ಬಡವರು ಹತ್ತಿಪ್ಪತ್ತು ರೂಪಾಯಿ ಹಾಕಿ ಕೂಡಿಸಿದ ಚಂದಾ, ತಿಳಿದೋ ತಿಳಿಯದೆಯೋ, ಸ್ಥಿತಿವಂತ ಮಾಲಕನ ಬಾಕಿಯನ್ನೇ ತೀರಿಸಿದಂತಾಗುತ್ತದೆ. ಪಡೆಯುವವನ ತಲೆ ತಗ್ಗುತ್ತದೆ, ಕೊಡಬೇಕಾದವನ ತಲೆ ಎತ್ತಿಯೇ ಇರುತ್ತದೆ.

ಸಣ್ಣ ಮಾಲಕನ ಕಷ್ಟವೂ ನಿಜವೇ. ಸಾಲದ ಕಂತಿನ ಮೇಲೆ ಒಂದು ಗಾಡಿ ತಂದವನು ಚಾಲಕನಿಗೆ ತಿಂಗಳುಗಟ್ಟಲೆ ಹಣ ಎಲ್ಲಿಂದ ತಂದಾನು? ಇದಕ್ಕೆ ಉತ್ತರ ವಿಮೆಯಲ್ಲಿದೆ. ಗಾಡಿಯ ಪಾಲಿಸಿಯಲ್ಲಿ ಸಂಬಳದ ಚಾಲಕನ ಬಗೆಗಿನ ಕಾನೂನುಬದ್ಧ ಹೊಣೆಯನ್ನು ಸೇರಿಸಿಕೊಳ್ಳಬಹುದು, ಅದಕ್ಕೆ ತಗಲುವ ಹೆಚ್ಚುವರಿ ಪ್ರೀಮಿಯಂ ತೀರ ಅಲ್ಪ. ಪಾಲಿಸಿ ನವೀಕರಿಸುವಾಗ ಏಜೆಂಟರನ್ನು ಈ ಒಂದು ಪ್ರಶ್ನೆ ಕೇಳುವುದನ್ನು ಮಾಲಕರು ರೂಢಿ ಮಾಡಿಕೊಳ್ಳಬೇಕು. ತಾನೇ ಮಾಲಕನೂ ಚಾಲಕನೂ ಆಗಿರುವವನಿಗೆ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ವಿಮೆಯನ್ನು 2018ರಲ್ಲಿ ನಿಗದಿಪಡಿಸಲಾಗಿದೆ. ಅದನ್ನು ಉಳಿತಾಯವೆಂದು ಬಿಡುವುದು ಮೂರ್ಖತನ. ಇನ್ನು ಕೊಡಬೇಕಾದುದನ್ನು ಒಂದು ತಿಂಗಳಿಗಿಂತ ಹೆಚ್ಚು ತಡಮಾಡಿದರೆ ಶೇ. 12ರ ಬಡ್ಡಿಯನ್ನೂ, ತಕ್ಕ ಕಾರಣವಿಲ್ಲದಿದ್ದರೆ ಮೊತ್ತದ ಅರ್ಧದವರೆಗೆ ದಂಡವನ್ನೂ 1923ರ ಕಾಯ್ದೆಯೇ ವಿಧಿಸಿತ್ತು ಎಂಬುದೂ ಮಾಲಕರಿಗೆ ನೆನಪಿರಲಿ.

ಚಾಲಕರು ಎಚ್ಚರ ವಹಿಸಬೇಕಾದ ಕೆಲವು ಸಂಗತಿಗಳಿವೆ. ಆಸ್ಪತ್ರೆಗೆ ಸೇರಿದಾಗ ಗಾಯವು ಕೆಲಸದ ವೇಳೆಯಲ್ಲಿ ಆದದ್ದೆಂದು ವೈದ್ಯರಿಗೆ ಹೇಳಿ ದಾಖಲೆಯಲ್ಲಿ ಬರೆಸಬೇಕು. ರಸ್ತೆ ಅಪಘಾತವಾದರೆ ಪೊಲೀಸ್ ದೂರು ಇರಲೇಬೇಕು. ಮಾಲಕನಿಗೆ ಬರಹದಲ್ಲಿ ತಿಳಿಸಬೇಕು. ಪಗಾರ ಎಷ್ಟಿತ್ತೆಂಬುದಕ್ಕೆ ಬ್ಯಾಂಕಿನ ಅಥವಾ ಮೊಬೈಲ್ ಪಾವತಿಯ ದಾಖಲೆ ಕಾಪಾಡಿಕೊಳ್ಳಬೇಕು. ಹಗುರ ಕೆಲಸ ಎಂದಿನಿಂದ, ಎಷ್ಟು ಪಗಾರಕ್ಕೆ ಎಂಬುದು ಕಾಗದದ ಮೇಲೆ ಇರಬೇಕು. ಮತ್ತೆ ಸ್ಟೇರಿಂಗ್ ಹಿಡಿಯುವ ದಿನವನ್ನು ವೈದ್ಯರು ನಿರ್ಧರಿಸಬೇಕೇ ಹೊರತು ಮಾಲಕನ ಅವಸರವಲ್ಲ, ಮನೆಯ ಅಭಾವವೂ ಅಲ್ಲ. ಪರಿಹಾರದ ಅರ್ಜಿಗೆ ಎರಡು ವರ್ಷಗಳ ಗಡುವಿದೆ. “ಇನ್ನು ಏನೂ ಕೇಳುವುದಿಲ್ಲ” ಎಂದು ಮಾಲಕ ಬರೆಸಿಕೊಂಡ ಚೀಟಿಯಿಂದ ಈ ಹಕ್ಕು ಹೋಗುವುದಿಲ್ಲ. ಹಕ್ಕನ್ನು ಬಿಟ್ಟುಕೊಡುವ ಒಪ್ಪಂದವನ್ನು ಕಾನೂನು ಅಸಿಂಧುವೆನ್ನುತ್ತದೆ. ವಕೀಲರ ಖರ್ಚಿಗೆ ಹೆದರುವವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಉಚಿತ ನೆರವಿದೆ.

ನಮ್ಮ ಜಮಾಅತ್ ಕಮಿಟಿಗಳು ಮದುವೆಯ ನೋಂದಣಿ, ತಲಾಖ್‌ನ ಪಂಚಾಯತಿ, ಕಬರಸ್ತಾನದ ಗೋಡೆ ಇವುಗಳಿಗೆ ಕೊಡುವ ಸಮಯದಲ್ಲಿ ಒಂದು ಪಾಲನ್ನು ಇದಕ್ಕೂ ಕೊಡಲಿ. ಪ್ರತಿ ಮೊಹಲ್ಲಾದಲ್ಲಿ ಕಾನೂನು ಓದಿದ ಒಬ್ಬ ಯುವಕನಾದರೂ ಸಿಕ್ಕಾನು. ಗಾಯಾಳುವಿನ ಮನೆಗೆ ಮೊದಲು ಹೋಗಬೇಕಾದವನು ಅವನು. ಚಾಲಕನನ್ನೂ ಮಾಲಕನನ್ನೂ ಎದುರು ಬದುರು ಕೂರಿಸಿ ಮೇಲಿನ ಲೆಕ್ಕವನ್ನು ಮುಂದಿಟ್ಟರೆ ಹೆಚ್ಚಿನ ಪ್ರಕರಣಗಳು ನ್ಯಾಯಾಲಯದ ಮೆಟ್ಟಿಲು ಹತ್ತದೆಯೇ ಮುಗಿದಾವು. ಅಲ್ಲಿಯೂ ಮುಗಿಯದಿದ್ದರೆ ಅರ್ಜಿ ಬರೆಯಲು ಅವನೇ ನೆರವಾಗಲಿ. ಬೈತುಲ್ ಮಾಲ್‌ನ ಹಣ ಯಾರೂ ಹೊಣೆಗಾರರಿಲ್ಲದ ವಿಧವೆಗೆ, ಅನಾಥನಿಗೆ, ರೋಗಿಗೆ ಉಳಿಯಲಿ. ಗಾಯಗೊಂಡ ಚಾಲಕನಿಗೆ ಹೊಣೆಗಾರನಿದ್ದಾನೆ. ಅವನನ್ನು ಕೇಳುವ ಧೈರ್ಯವನ್ನು ಸಮುದಾಯ ಮೊದಲು ತೋರಿಸಲಿ.