ಬೆಲ್ಟು ಕರಿದಾಯ್ತು, ಸಂಘ ಯಾವುದು ಸ್ವಾಮಿ?

ಮೊನ್ನೆ ಸಂಜೆ ಪಿ.ಜೆ. ಬಡಾವಣೆಯ ರಾಂ ಅಂಡ್ ಕೋ ಸರ್ಕಲ್ಲಿನಲ್ಲಿ ಮಂಡಕ್ಕಿ-ಮೆಣಸಿನಕಾಯಿ ಕಟ್ಟಿಸಿಕೊಳ್ಳುತ್ತಾ ನಿಂತಿದ್ದೆ. ಪರಿಚಯದ ಜವಳಿ ಅಂಗಡಿಯವರೊಬ್ಬರು ಮಗಳ ಕರಾಟೆ ಸರ್ಟಿಫಿಕೇಟು ತೆಗೆದು ತೋರಿಸಿದರು. ಬಂಗಾರದ ಬಣ್ಣದ ಅಂಚು, ಹುಲಿಯ ಚಿತ್ರ, ಮೇಲೆ "ಅಖಿಲ ಭಾರತ" ಎಂದು ದಪ್ಪಕ್ಷರ.

"ನಮ್ಮ ಮಾಸ್ತರು ನ್ಯಾಷನಲ್ ಅಸೋಸಿಯೇಷನ್ನಿಗೆ ಸೇರಿದಾರ್ರೀ. ಇನ್ನು ಮಗಳಿಗೆ ಕಾಲೇಜು ಸೀಟು ಸಲೀಸು, ಅಲ್ವೇನ್ರೀ?" ಅಂದರು.

"ಯಾವ ಅಸೋಸಿಯೇಷನ್ನು ಯಜಮಾನ್ರೇ?" ಅಂದೆ. ಅವರಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕು ಅನ್ನುವುದೇ ಇವತ್ತಿನ ಮಾತು.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. ಅದರ ಪ್ರಕಾರ ಏಳು ಜನ ಸೇರಿದರೆ ಒಂದು ಸಂಘ ನೋಂದಾಯಿಸಬಹುದು. ತಪ್ಪೇನಿಲ್ಲ. ಆದರೆ ನೋಂದಣಿ ಬೇರೆ, ಮಾನ್ಯತೆ ಬೇರೆ. ರಿಜಿಸ್ಟ್ರಾರರು ಸಂಘ ಇದೆ ಅಂತ ಬರೆದುಕೊಳ್ಳುತ್ತಾರೆಯೇ ಹೊರತು, ಅದು ಕೊಡುವ ಕರಿ ಬೆಲ್ಟು ಗಟ್ಟಿ ಅಂತ ಹೇಳುವುದಿಲ್ಲ.

ದೊಡ್ಡ ಸಂಘವಾದರೂ ನೆಚ್ಚಿ ಕೂರುವಂತಿಲ್ಲ. ಕರಾಟೆ ಅಸೋಸಿಯೇಷನ್ ಆಫ್ ಇಂಡಿಯಾದ ಮಾನ್ಯತೆಯನ್ನು 2020ರ ಜೂನ್‌ನಲ್ಲಿ ವಿಶ್ವ ಕರಾಟೆ ಫೆಡರೇಷನ್ ತಾತ್ಕಾಲಿಕವಾಗಿ ಹಿಂತೆಗೆದುಕೊಂಡಿತು. ಅದಕ್ಕೂ ಮುಂಚೆ, 2020ರ ಜನವರಿಯಲ್ಲೇ ಭಾರತೀಯ ಒಲಿಂಪಿಕ್ ಸಂಸ್ಥೆ ಕೈಬಿಟ್ಟಿತ್ತು. ನಮ್ಮ ಗರಡಿಯವರಿಗೂ ಈ ನೋವು ಗೊತ್ತು. ಚುನಾವಣೆ ನಡೆಸಲಿಲ್ಲವೆಂದು 2023ರಲ್ಲಿ ವಿಶ್ವ ಕುಸ್ತಿ ಸಂಸ್ಥೆ ಭಾರತದ ಫೆಡರೇಷನ್ನನ್ನು ಅಮಾನತು ಮಾಡಿದಾಗ, ನಮ್ಮ ಪೈಲ್ವಾನರು ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ದೇಶದ ಬಾವುಟ ಇಲ್ಲದೆ ಕಣಕ್ಕಿಳಿದರು. ಕುರ್ಚಿಯಲ್ಲಿ ಕೂತವರು ಮಾಡಿದ್ದನ್ನು ಆಡುವ ಮಕ್ಕಳು ಉಂಡರು.

ಈ ವಿದ್ಯೆಯ ತವರಾದ ಜಪಾನಿನಲ್ಲಿ ಏನಿದೆ? ಅಲ್ಲಿ ಹಳೆಯ ಸಮರಕಲೆಗಳ ಹಲವು ಶಾಲೆಗಳು ಸೇರುವ ರಾಷ್ಟ್ರೀಯ ಸಂಘ, ನಿಹೊನ್ ಕೊಬುಡೊ ಕ್ಯೊಕಾಯ್, 1979ರಲ್ಲಿ ಹುಟ್ಟಿತು. ಕತ್ತಿ, ಈಟಿ, ಜುಜುತ್ಸು ಶಾಲೆಗಳು ಅದರಲ್ಲಿವೆ. ಶಿಷ್ಯನಿಗೆ ದರ್ಜೆ ಕೊಡುವವನು ಆಯಾ ಶಾಲೆಯ ಗುರು. ಸಂಘದ ಕೆಲಸ ವಿದ್ಯೆ ಉಳಿಸುವುದು, ವರ್ಷಕ್ಕೊಮ್ಮೆ ಎಲ್ಲರನ್ನೂ ಒಂದು ಅಂಗಳಕ್ಕೆ ತಂದು ಜನರೆದುರು ಪ್ರದರ್ಶನ ಮಾಡಿಸುವುದು. ಬೆಲ್ಟೇ ಕೂಡ ಪುರಾತನವಲ್ಲ. ಜೂಡೊದಲ್ಲಿ ಕಾನೊ ತಂದ ದರ್ಜೆಯ ಪದ್ಧತಿಯನ್ನು ಫುನಾಕೊಶಿ ಕರಾಟೆಗೆ ತಂದದ್ದು 1924ರಲ್ಲಿ. ಅದಕ್ಕೂ ಮುಂಚೆ ಒಕಿನಾವದ ಗುರುಗಳು ಬೆಲ್ಟಿಲ್ಲದೆಯೇ ಕಲಿಸಿದರು.

ನಮ್ಮ ಗರಡಿ ಮನೆಗಳಲ್ಲೂ ಹಂಗೇ ಅಲ್ಲವೇ? ಕೆಮ್ಮಣ್ಣು, ಹನುಮಪ್ಪನ ಪಟ, ಒಬ್ಬ ಉಸ್ತಾದರು. ಸರ್ಟಿಫಿಕೇಟಿಲ್ಲ. ಹುಡುಗ ದಾರಿ ತಪ್ಪಿದರೆ ಓಣಿಯವರು ಉಸ್ತಾದರನ್ನೇ ಕೇಳುತ್ತಿದ್ದರು.

ಹಾಗಂತ ಕರಾಟೆ ಮಾಸ್ತರು ಯಾವ ಸಂಘಕ್ಕೂ ಸೇರಬೇಡಿ ಅಂತ ನಾನು ಹೇಳುತ್ತಿಲ್ಲ. ಸೇರಲಿ. ಒಂಟಿಯಾಗಿದ್ದರೆ ಪಂದ್ಯವಿಲ್ಲ, ರೆಫರಿ ಇಲ್ಲ, ಕೇಳುವವರೂ ಇಲ್ಲ. ಆದರೆ ಸೇರುವ ಮುಂಚೆ ಮಾಸ್ತರು, ಫೀಸು ಕಟ್ಟುವ ಮುಂಚೆ ತಂದೆ-ತಾಯಿ ನಾಲ್ಕು ಮಾತು ಕೇಳಲಿ. ಕೇಂದ್ರ ಕ್ರೀಡಾ ಸಚಿವಾಲಯದ ಮಾನ್ಯತೆಯ ಪಟ್ಟಿಯಲ್ಲಿ ಈ ಸಂಘದ ಹೆಸರು ಇವತ್ತಿಗೆ ಇದೆಯೇ? ಬೆಲ್ಟು ಪರೀಕ್ಷೆಯ ಹಣಕ್ಕೆ ರಸೀದಿ ಕೊಡುತ್ತಾರೆಯೇ? ವರ್ಷಾವರ್ಷ ಲೆಕ್ಕ ಒಪ್ಪಿಸಿ, ಕಾಲಕಾಲಕ್ಕೆ ಚುನಾವಣೆ ಮಾಡುತ್ತಾರೆಯೇ? ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಮಾಸ್ತರೊಬ್ಬ ಹೆಣ್ಣುಮಗುವಿನ ಜೊತೆ ಕೆಟ್ಟದಾಗಿ ನಡೆದುಕೊಂಡರೆ ದೂರು ಕೇಳಿ ಅವನನ್ನು ಹೊರಹಾಕುವ ತಾಕತ್ತು ಆ ಸಂಘಕ್ಕಿದೆಯೇ? ಇಲ್ಲ ಅಂದರೆ ಅದು ಸಂಘವಲ್ಲ, ಬರೀ ರಬ್ಬರ್ ಸ್ಟಾಂಪು.

ಆತ್ಮರಕ್ಷಣೆಗೆ ಅಂತ ತಾನೇ ಮಕ್ಕಳನ್ನು ಕಳಿಸುವುದು? ಒನಕೆ ಹಿಡಿದ ಓಬವ್ವನ ಸೀಮೆ ನಮ್ಮದು. ಆಕೆಯನ್ನು ಯಾವ ಬೆಲ್ಟು ಹಾಕಿದ್ದಿ ಅಂತ ಯಾರೂ ಕೇಳಲಿಲ್ಲ.

ಜವಳಿ ಯಜಮಾನರಿಗೆ ಕೊನೆಗೆ ಅಂದದ್ದು ಇಷ್ಟೇ: "ಥಾನಿನ ಮೇಲೆ ಮಿಲ್ಲಿನ ಮುದ್ರೆ ನೋಡದೆ ಬಟ್ಟೆ ಇಳಿಸಿಕೊಳ್ಳುವವರಲ್ಲ ನೀವು. ಮಗಳ ಸೊಂಟದ ಬೆಲ್ಟಿನ ಮುದ್ರೆ ಯಾರದು ಅಂತ ಕೇಳೋಕೆ ಸಂಕೋಚ ಯಾಕ್ರೀ?"

ನಾಳೆಯೇ ಮಾಸ್ತರನ್ನು ಕೇಳ್ತೀನಿ ಅಂತ ಹೋದರು. ನೀವೂ ಕೇಳಿ.