ಭಾರ ಎತ್ತಬೇಡಿ ಅಂತೀರಲ್ಲ, ಕೂಲಿ ಯಾರು ಕೊಡ್ತಾರೆ?

'ಭಾರ ಎತ್ತಬೇಡಿ, ಬಗ್ಗಬೇಡಿ, ಬೈಕ್ ಓಡಿಸಬೇಡಿ, ಮೂರು ವಾರ ಬೆಡ್ ರೆಸ್ಟ್ ಮಾಡಿ.' ಸೊಂಟದಿಂದ ಹಿಮ್ಮಡಿಯವರೆಗೆ ಕರೆಂಟ್ ಹೊಡೆದ ಹಾಗೆ ನರ ಎಳೆಯುತ್ತದೆ ಅಂತ ಹೋದವರಿಗೆ ನಮ್ಮ ಕಡೆ ಸಿಗುವ ಸಲಹೆ ಇಷ್ಟೇ. ಜೊತೆಗೊಂದು ಇಂಜೆಕ್ಷನ್, ಒಂದಿಷ್ಟು ಗುಳಿಗೆ, ಸೊಂಟಕ್ಕೆ ಬೆಲ್ಟು. ಎದುರು ಕೂತವರು ಅಡಿಕೆ ಮಂಡಿಯ ಹಮಾಲಿಯೋ, ನಾಟಿ ಹಾಕುವ ಹೆಂಗಸೋ, ಟಿಪ್ಪರ್ ಡ್ರೈವರೋ ಅಂತ ವಿಚಾರಿಸುವ ಪುರುಸೊತ್ತು ಯಾರಿಗೂ ಇಲ್ಲ. ಬಗ್ಗದೆ ನಾಟಿ ಹಾಕುವುದು ಹೇಗೆ ಅಂತ ಯಾವ ಡಾಕ್ಟರೂ ಇನ್ನೂ ಹೇಳಿಕೊಟ್ಟಿಲ್ಲ.

ಈ ನೋವು ನನಗೂ ಪರಿಚಯ. ನಾಲ್ಕು ವರ್ಷದಲ್ಲಿ ಮೂರು ಸಲ ಬಂದು ಹೋಗಿದೆ. ಸುದ್ದಿಗೆ ಇಷ್ಟು ಅಂತ ದುಡ್ಡು ಪಡೆಯುವ ಗ್ರಾಮಾಂತರ ವರದಿಗಾರನಿಗೆ ಸಿಕ್ ಲೀವ್ ಅನ್ನುವುದಿಲ್ಲ. ಬೈಕ್ ಹತ್ತದಿದ್ದರೆ ಸುದ್ದಿ ಇಲ್ಲ, ಸುದ್ದಿ ಇಲ್ಲದಿದ್ದರೆ ದುಡ್ಡಿಲ್ಲ. ಆದರೂ ನನಗೆ ಕೂತು ಟೈಪ್ ಮಾಡುವ ಕೆಲಸವಾದರೂ ಇದೆ. ಮೂಟೆ ಹೊರುವವನಿಗೆ ಏನಿದೆ?

ಸಯಾಟಿಕ್ ನರ ನಮ್ಮ ದೇಹದಲ್ಲೇ ಅತಿ ದಪ್ಪನೆಯ ನರ. ಬೆನ್ನಿನ ಕೆಳಭಾಗದಿಂದ ಹೊರಡುವ ಐದು ಬೇರುಗಳು ಸೇರಿ ಆದದ್ದು. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿ ಒಂದು ಬೇರನ್ನು ಒತ್ತಿದರೆ ಅಥವಾ ಕೆರಳಿಸಿದರೆ ಕಾಲಿನುದ್ದಕ್ಕೂ ಬೆಂಕಿ. ಇದಕ್ಕೆ 'ಡಿಸ್ಕ್ ಜಾರಿದೆ' ಅನ್ನುವ ಮಾತು ಊರೆಲ್ಲ ಚಾಲ್ತಿಯಲ್ಲಿದೆ. ಡಿಸ್ಕ್ ಏನು ತಟ್ಟೆಯಿಂದ ಜಾರುವ ಕಡುಬಲ್ಲ. ಮೇಲಿನ, ಕೆಳಗಿನ ಮೂಳೆಗಳಿಗೆ ಅದು ಭದ್ರವಾಗಿ ಅಂಟಿಕೊಂಡಿರುತ್ತದೆ. ಉಬ್ಬಿ ಹೊರಬಂದ ಭಾಗವನ್ನು ಎಷ್ಟೋ ಸಲ ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಹೆಚ್ಚಿನವರ ನೋವು ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಇಳಿಯುತ್ತದೆ. ಈ ಧೈರ್ಯದ ಮಾತನ್ನು ಚೀಟಿಯಲ್ಲಿ ಬರೆಯುವವರು ಎಷ್ಟು ಮಂದಿ?

ಬೆಡ್ ರೆಸ್ಟ್ ವಿಷಯಕ್ಕೆ ಬನ್ನಿ. 1999ರಲ್ಲೇ ನೆದರ್‌ಲ್ಯಾಂಡ್ಸ್‌ನಲ್ಲಿ 183 ಸಯಾಟಿಕಾ ರೋಗಿಗಳ ಮೇಲೆ ಪ್ರಯೋಗ ಮಾಡಿ ನೋಡಿದ್ದಾರೆ. ಎರಡು ವಾರ ಮಲಗಿದವರಿಗೂ, ಓಡಾಡಿಕೊಂಡಿದ್ದವರಿಗೂ ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ನಮ್ಮಲ್ಲಿ ಧಾರಾಳವಾಗಿ ಬರೆಯುವ ಪ್ರಿಗ್ಯಾಬಲಿನ್ ಗುಳಿಗೆಯನ್ನು 2017ರಲ್ಲಿ ಆಸ್ಟ್ರೇಲಿಯಾದಲ್ಲಿ ಪರೀಕ್ಷಿಸಿದರು. ಸಯಾಟಿಕಾದ ಕಾಲುನೋವಿಗೆ ಅದು ಔಷಧವಿಲ್ಲದ ಗುಳಿಗೆಗಿಂತ ಮೇಲಾಗಿರಲಿಲ್ಲ, ತಲೆ ತಿರುಗುವ ತೊಂದರೆ ಮಾತ್ರ ಹೆಚ್ಚಾಗಿತ್ತು. (ಈಗಾಗಲೇ ನುಂಗುತ್ತಿರುವವರು ಇದನ್ನು ಓದಿ ದಿಢೀರನೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ನಿಧಾನಕ್ಕೆ ಇಳಿಸಬೇಕು.) ಎಂಆರ್‌ಐ ರಿಪೋರ್ಟ್ ಹಿಡಿದು ಹೆದರಿಸುವುದೂ ಅಷ್ಟೇ. ನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಇಪ್ಪತ್ತರ ವಯಸ್ಸಿನವರಲ್ಲೇ ಸುಮಾರು 30% ಮಂದಿಗೆ ಡಿಸ್ಕ್ ಉಬ್ಬಿತ್ತು, ಎಂಬತ್ತರವರಲ್ಲಿ 84% ಮಂದಿಗೆ.

ಹಾಗಂತ ಆಪರೇಷನ್ನೇ ಮೋಸ ಅಂತ ನಾನು ಹೇಳುತ್ತಿಲ್ಲ. ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಗಳ ಸಂದಿ ಜೋಮು ಹಿಡಿದರೆ, ಪಾದ ಎತ್ತಲಾಗದೆ ನೆಲಕ್ಕೆ ಎಳೆಯುವಂತಾದರೆ ಒಂದು ದಿನವೂ ಕಾಯಬಾರದು. ಎಣ್ಣೆ ತಿಕ್ಕುತ್ತಾ, ನಾಟಿ ವೈದ್ಯರ ಮನೆ ಹುಡುಕುತ್ತಾ ಕೂರಬಾರದು. ಉಳಿದವರಿಗೆ ಆಪರೇಷನ್ ಬೇಗ ನೋವು ಇಳಿಸುತ್ತದೆ ನಿಜ. ಆದರೆ 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಬೇಗ ಆಪರೇಷನ್ ಮಾಡಿಸಿಕೊಂಡವರೂ ಕಾದು ನೋಡಿದವರೂ ವರ್ಷದ ಕೊನೆಗೆ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿದ್ದರು.

ನನಗೆ ನಡೆದಾಡುವ ಶಕ್ತಿ ವಾಪಸ್ ಕೊಟ್ಟದ್ದು ಫಿಸಿಯೋಥೆರಪಿ. ದಿನಾ ಇಷ್ಟು ನಡಿಗೆ, ಇಷ್ಟು ವ್ಯಾಯಾಮ, ನೋವು ಯಾವಾಗ ಲೆಕ್ಕಕ್ಕಿಲ್ಲ, ಯಾವಾಗ ನಿಲ್ಲಿಸಬೇಕು ಅನ್ನುವ ತಿಳಿವಳಿಕೆ. ದೀರ್ಘಕಾಲದ ಸೊಂಟನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಕೊಟ್ಟ ಮಾರ್ಗಸೂಚಿಯೂ ತಿಳಿವಳಿಕೆ, ವ್ಯಾಯಾಮಗಳನ್ನೇ ಮುಂದಿಡುತ್ತದೆ. ಸೊಂಟದ ಬೆಲ್ಟು, ಟ್ರ್ಯಾಕ್ಷನ್ ಬೇಡ ಅನ್ನುತ್ತದೆ. ಆದರೆ ಇದನ್ನು ಕಲಿಸುವವರು ಎಲ್ಲಿದ್ದಾರೆ? ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಲ್ಲ. ನಾನು ಪ್ರತಿ ಸಲ ಐವತ್ತು ಕಿಲೋಮೀಟರ್ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಿ ಬಂದೆ. ಬಸ್ ಚಾರ್ಜು, ಫೀಸು, ಹೋದ ದಿನದ ಕೂಲಿ ಸೇರಿಸಿದರೆ ಹಮಾಲಿಯೊಬ್ಬ ಎರಡನೇ ಸಲ ಹೋಗುವುದಿಲ್ಲ. ಇಂಜೆಕ್ಷನ್ ಹಾಕಿಸಿಕೊಂಡು ಮರುದಿನ ಮೂಟೆಗೆ ಬೆನ್ನು ಕೊಡುತ್ತಾನೆ. ಆರು ತಿಂಗಳಿಗೆ ಮತ್ತೆ ಅದೇ ನೋವು.

ಇಲ್ಲೇ ಸರ್ಕಾರದ ಲೆಕ್ಕಾಚಾರ ನೋಡಿ. ಆಯುಷ್ಮಾನ್ ಕಾರ್ಡ್ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಬೆನ್ನು ಕೊಯ್ಯಿಸಿಕೊಂಡರೆ ದುಡ್ಡು ಬರುತ್ತದೆ, ಕೊಯ್ಯಿಸಿಕೊಳ್ಳದೆ ಗುಣವಾಗಲು ಹೊರರೋಗಿಯಾಗಿ ಹತ್ತು ಸಲ ಹೋಗಿಬಂದ ಖರ್ಚು ನಮ್ಮದೇ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ವೃತ್ತಿರೋಗಗಳ ಪಟ್ಟಿಯಲ್ಲಿ ಸೀಸದ ವಿಷ, ಪಾದರಸದ ವಿಷ ಇದ್ದವು. ಮೂಟೆ ಹೊತ್ತು ಸವೆದ ಬೆನ್ನು ಇರಲಿಲ್ಲ.

'ನಮ್ಮಪ್ಪ ಕ್ವಿಂಟಾಲ್ ಮೂಟೆ ಹೊರ್ತಿದ್ರು, ಏನಾಗಿತ್ತು?' ಅನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಏನಾಗಿತ್ತು ಅಂದರೆ, ಐವತ್ತಕ್ಕೇ ಸೊಂಟ ಬಗ್ಗಿತ್ತು, ನಾವು ಅದಕ್ಕೆ ವಯಸ್ಸು ಅಂತ ಹೆಸರಿಟ್ಟೆವು. ಹೆಂಗಸರದ್ದಾದರೆ ವಾತ ಅಂದೆವು. ಒಬ್ಬ ಗಂಡಸು ಹೊರುವ ತೂಕ 55 ಕೆ.ಜಿ. ಮೀರಬಾರದು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು. ಅರವತ್ತು ದಾಟಿದ ಮೂಟೆಗಳು ನಮ್ಮ ಮಂಡಿಗಳಲ್ಲಿ ಇಂದಿಗೂ ಅಪರೂಪವಲ್ಲ. ಚೀಲದ ತೂಕ ಇಳಿಸಲು ಆಗುವುದಿಲ್ಲವೇ? ಆಗುತ್ತದೆ. 2018ರಲ್ಲಿ ಯೂರಿಯಾ ಚೀಲ 50ರಿಂದ 45 ಕೆ.ಜಿ.ಗೆ ಇಳಿಯಿತು. ಅದು ಗೊಬ್ಬರದ ಬಳಕೆ ತಗ್ಗಲಿ ಅಂತ ಮಾಡಿದ್ದು, ಹೊರುವವನ ಬೆನ್ನು ಉಳಿಯಲಿ ಅಂತಲ್ಲ.

ಕೇಳಬೇಕಾದದ್ದು ದೊಡ್ಡದೇನಲ್ಲ. ಹೋಬಳಿಗೊಬ್ಬರು ಫಿಸಿಯೋಥೆರಪಿಸ್ಟ್, ವಾರಕ್ಕೆರಡು ದಿನವಾದರೂ ಸರಿ. ಹೊರರೋಗಿ ಚಿಕಿತ್ಸೆಗೂ ಕಾರ್ಡ್ ನಡೆಯಬೇಕು. ಮಂಡಿಯಲ್ಲಿ ಮೂಟೆಗೆ ತೂಕದ ಮಿತಿ, ಎತ್ತಲು ತಳ್ಳುಗಾಡಿ. ಬೆನ್ನುನೋವು ವೃತ್ತಿರೋಗದ ಪಟ್ಟಿಗೆ. ಮುಂದಿನ ಸಲ ಶಾಸಕರು ಆರೋಗ್ಯ ಮೇಳಕ್ಕೆ ಬಂದು ಸೊಂಟದ ಬೆಲ್ಟು ಹಂಚಿದರೆ ತೆಗೆದುಕೊಳ್ಳುವ ಮೊದಲು ಇಷ್ಟನ್ನು ಕೇಳಿ. ಊರಿನ ಭಾರವನ್ನೆಲ್ಲ ಹೊತ್ತವರಿಗೆ 'ಭಾರ ಎತ್ತಬೇಡಿ' ಅನ್ನುವುದು ಚಿಕಿತ್ಸೆಯಲ್ಲ, ಕೈ ತೊಳೆದುಕೊಳ್ಳುವುದು.