ಅಕ್ಕನ ಮಗಳ ಕಾಲೇಜು, ನನ್ನ ಎಕ್ಸೆಲ್ ಹಾಳೆ

ಭಾನುವಾರವೆಂದರೆ ಪುಣೆಯ ಮಾರ್ಕೆಟ್ ಯಾರ್ಡ್‌ನಲ್ಲಿ ತರಕಾರಿಯ ದೊಡ್ಡ ಆವಕದ ದಿನ. ಗುಲ್ಟೇಕಡಿಯ ರಸ್ತೆಗಳಲ್ಲಿ ಬೆಳಗಿನ ಜಾವದಿಂದಲೇ ಲಾರಿ, ಟೆಂಪೊಗಳ ಸಾಲು. ಆ ಗದ್ದಲ ದಾಟಿ ಕಾಳುಕಡಿ, ಬೆಲ್ಲ, ಮಸಾಲೆ ಮಾರುವ ಭುಸಾರ್ ವಿಭಾಗಕ್ಕೆ ಬಂದರೆ ನನ್ನ ಭಾವನ ಮೆಣಸಿನಕಾಯಿ ಅಂಗಡಿ. ಬ್ಯಾಡಗಿ ಕಡೆಯಿಂದ ಇಲ್ಲಿಗೆ ಲೆಕ್ಕ ಬರೆಯಲು ಬಂದವರು, ಈಗ ಸ್ವಂತ ವ್ಯಾಪಾರ ಮಾಡುತ್ತಾರೆ. ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಾನು ತಿಂಗಳಿಗೆ ಎರಡು ಭಾನುವಾರವಾದರೂ ಅಲ್ಲಿಗೆ ಹೋಗುತ್ತೇನೆ. ಚಹಾ, ಊರಿನ ಸುದ್ದಿ, ಆಮೇಲೆ ಕಳೆದ ಒಂದು ವರ್ಷದಿಂದ ಒಂದೇ ವಿಷಯ: ಒಂಬತ್ತನೆಯ ತರಗತಿಯಲ್ಲಿರುವ ಅಕ್ಕನ ಮಗಳ ಮುಂದಿನ ಓದು.

“ನೀ ಎಂ.ಟೆಕ್. ಮಾಡೀದಿ. ಇಕೀದು ಏನ್ ಮಾಡೋದು ನೀನ ನೋಡಪಾ” ಎಂದು ಭಾವ ಜವಾಬ್ದಾರಿಯನ್ನು ನನ್ನ ಕೊರಳಿಗೆ ಹಾಕಿದರು. ನಾನೂ ಉತ್ಸಾಹದಿಂದ ಎಕ್ಸೆಲ್ ಹಾಳೆ ಮಾಡಿದೆ. ಒಂದರಲ್ಲಿ ಪ್ರವೇಶ ಪರೀಕ್ಷೆಗಳು, ಇನ್ನೊಂದರಲ್ಲಿ ದಿನಾಂಕಗಳು, ಮೂರನೆಯದರಲ್ಲಿ ಫೀ, ನಾಲ್ಕನೆಯದರಲ್ಲಿ ಬೆಳಗ್ಗೆ ಐದೂವರೆಯಿಂದ ರಾತ್ರಿ ಹತ್ತರವರೆಗಿನ ವೇಳಾಪಟ್ಟಿ. ಮೂರು ವಾರದ ನಂತರ ಯಾರು ಯಾರು ತೆರೆದಿದ್ದಾರೆಂದು ನೋಡಿದೆ. ಒಬ್ಬನೇ ತೆರೆದಿದ್ದ, ನಾನು. ಕೇಳಿದಾಗ ಹುಡುಗಿ ನಗುತ್ತಲೇ ಹೇಳಿದಳು: “ಮಾಮಾ, ಇದು ನಿನ್ನ ಪ್ರಾಜೆಕ್ಟ್ ಐತಿ. ನಂದಲ್ಲ.”

ಸಿಟ್ಟು ಬಂತು. ಆದರೆ ಆಫೀಸಿನಲ್ಲಿ ದಿನವೂ ನೋಡುವುದು ಇದನ್ನೇ ಅಲ್ಲವೆ? ಬೇರೆಯವರು ಯೋಜನೆ ಬರೆದು ಕೈಗಿತ್ತರೆ ಅದನ್ನು ಯಾರೂ ತಮ್ಮದೆಂದು ಮಾಡಿಕೊಳ್ಳುವುದಿಲ್ಲ. ಹೊರನಾಡಿನಲ್ಲಿ ದುಡಿಯುವ ನಮ್ಮ ಮನೆಗಳಲ್ಲಿ ಈ ತಪ್ಪು ಹೆಚ್ಚು. ನಾವು ಊರು ಬಿಟ್ಟು ಬಂದದ್ದೇ ಓದಿನ ಬಲದಿಂದ. ಹಾಗಾಗಿ ಮಕ್ಕಳ ಓದನ್ನು ಅವರ ಕೈಗೆ ಬಿಡಲು ಹೆದರುತ್ತೇವೆ.

ಆ ಹೆದರಿಕೆಯನ್ನು ಕೊಳ್ಳುವವರೂ ಇದ್ದಾರೆ. ಅವಳ ಎಂಟನೆಯ ತರಗತಿ ಮುಗಿಯುವ ಮೊದಲೇ ಒಂದು ಕೋಚಿಂಗ್ ಕೇಂದ್ರದಿಂದ ಭಾವನಿಗೆ ಫೋನ್ ಬಂದಿತ್ತು. ‘ಫೌಂಡೇಶನ್ ಕೋರ್ಸ್’ ಫೀ ಕೇಳಿ ಅವರು ಅರ್ಧ ನಿಮಿಷ ಮಾತಾಡಲಿಲ್ಲವಂತೆ. 16 ವರ್ಷ ತುಂಬುವ ಮೊದಲು ಮಕ್ಕಳನ್ನು ಸೇರಿಸಿಕೊಳ್ಳಬಾರದು, ಹತ್ತನೆಯ ಪರೀಕ್ಷೆ ಮುಗಿದ ಮೇಲೇ ದಾಖಲಾತಿ ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲೇ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಜಾರಿ ಮಾಡಬೇಕಾದವು ರಾಜ್ಯಗಳು. ಅಲ್ಲಿಯವರೆಗೆ ಹೆಸರು ಬದಲಿಸಿಕೊಂಡು ವ್ಯಾಪಾರ ನಡೆಯುತ್ತದೆ. ಹದಿಮೂರು, ಹದಿನಾಲ್ಕರ ಮಕ್ಕಳಿಗೆ ಬೇಕಾದ ತಯಾರಿ ಎರಡು ವರ್ಷ ಮೊದಲೇ ಕಲಿಸುವ ಹನ್ನೊಂದನೆಯ ತರಗತಿಯ ಭೌತಶಾಸ್ತ್ರವಲ್ಲ. ತನ್ನ ದಾರಿ ಯಾವುದು, ಅದರ ನಿಯಮ ಏನು ಎಂದು ತಾನೇ ಓದಿ ತಿಳಿಯುವ ಅಭ್ಯಾಸ.

ನಿಯಮಗಳ ಮಾತು ಬಂದಾಗ ಹೊರನಾಡ ಕನ್ನಡಿಗರು ವಿಶೇಷ ಎಚ್ಚರ ವಹಿಸಬೇಕು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಮಗುವಿಗೆ ಕಾಲೇಜಿನ ಪ್ರಶ್ನೆ ಹನ್ನೆರಡನೆಯ ತರಗತಿಯಲ್ಲಿ ಏಳುತ್ತದೆ. ನಮ್ಮ ಮಕ್ಕಳಿಗೆ ಅದು ಹತ್ತನೆಯ ತರಗತಿಯಲ್ಲೇ ಅರ್ಧ ತೀರ್ಮಾನವಾಗಿರುತ್ತದೆ. ಯಾಕೆಂದರೆ ಎಲ್ಲಿ ಓದಿದ್ದೀರಿ ಎಂಬುದರ ಮೇಲೆಯೇ ಯಾವ ರಾಜ್ಯದ ಬಾಗಿಲು ತೆರೆಯುತ್ತದೆ ಎಂಬುದು ನಿಂತಿದೆ.

ಕರ್ನಾಟಕದ ಸಿಇಟಿ ಮೂಲಕ ಸರ್ಕಾರಿ ಕೋಟಾದ ಸೀಟು ಬೇಕಾದರೆ ಮುಖ್ಯ ನಿಯಮ, ಒಂದರಿಂದ ಹನ್ನೆರಡರೊಳಗೆ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರಬೇಕು, 10 ಅಥವಾ 12ನ್ನು ಅಲ್ಲೇ ಪಾಸಾಗಿರಬೇಕು. ಇನ್ನೊಂದು ಕಲಂ ಇದೆ: ವಿದ್ಯಾರ್ಥಿ ಪಿಯುಸಿಯ ಎರಡು ವರ್ಷ ಕರ್ನಾಟಕದಲ್ಲಿ ಓದಿ ಪಾಸಾಗಿ, ತಂದೆ ತಾಯಿಯರಲ್ಲಿ ಒಬ್ಬರು ಅಲ್ಲಿ 7 ವರ್ಷ ಓದಿದ್ದರೂ ಅರ್ಹತೆ ಸಿಗುತ್ತದೆ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ, ಕಾಸರಗೋಡು, ಮಂಜೇಶ್ವರ, ಹೊಸದುರ್ಗದಂಥ ಗಡಿ ತಾಲ್ಲೂಕುಗಳ ಕನ್ನಡಿಗರಿಗೆ ಪ್ರತ್ಯೇಕ ಕಲಂ ಇದೆ. ಪುಣೆ ಗಡಿ ತಾಲ್ಲೂಕಲ್ಲ. ಮನೆಮಾತು ಕನ್ನಡ ಎಂದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ.

ಇತ್ತ ಮಹಾರಾಷ್ಟ್ರದಲ್ಲಿ ವೈದ್ಯಕೀಯದ ರಾಜ್ಯ ಕೋಟಾಕ್ಕೆ ಸಾಮಾನ್ಯವಾಗಿ 10 ಮತ್ತು 12 ಎರಡನ್ನೂ ಇಲ್ಲೇ ಪಾಸಾಗಿರಬೇಕು, ಡೊಮಿಸೈಲ್ ಪ್ರಮಾಣಪತ್ರವೂ ಬೇಕು. ಎನ್‌ಐಟಿಗಳಲ್ಲಿ ಅರ್ಧದಷ್ಟು ಸೀಟು ತವರು ರಾಜ್ಯದವರಿಗೆ. ಅಲ್ಲಿ ತವರು ರಾಜ್ಯವೆಂದರೆ ಅಜ್ಜನ ಊರಲ್ಲ, 12ನೆಯ ತರಗತಿ ಪಾಸಾದ ರಾಜ್ಯ. ಪುಣೆಯಲ್ಲಿ 12 ಮುಗಿಸಿದವಳಿಗೆ ನಾಗಪುರದ ಎನ್‌ಐಟಿ ತವರು, ಸುರತ್ಕಲ್ ಪರಸ್ಥಳ. ಮೀಸಲಾತಿಯೂ ಹಾಗೆಯೇ. ಕರ್ನಾಟಕದ ಜಾತಿ ಪ್ರಮಾಣಪತ್ರ ಮಹಾರಾಷ್ಟ್ರದ ರಾಜ್ಯ ಕೋಟಾದಲ್ಲಿ ಕೆಲಸಕ್ಕೆ ಬರುವುದಿಲ್ಲ. ರ್‍ಯಾಂಕ್ ಲೆಕ್ಕವೂ ಬೇರೆ. ಕರ್ನಾಟಕದ ಎಂಜಿನಿಯರಿಂಗ್ ರ್‍ಯಾಂಕ್‌ಗೆ ಸಿಇಟಿ ಅಂಕ ಅರ್ಧ, 12ನೆಯ ತರಗತಿಯ ಅಂಕ ಅರ್ಧ. ಮಹಾರಾಷ್ಟ್ರದಲ್ಲಿ ಇದುವರೆಗಿನ ಪದ್ಧತಿಯಂತೆ ಸಿಇಟಿಯದ್ದೇ ಲೆಕ್ಕ, 12ನೆಯ ಅಂಕ ಕನಿಷ್ಠ ಅರ್ಹತೆಗೆ ಮಾತ್ರ.

ಇಷ್ಟನ್ನೂ ನಾನೇ ಓದಿ ನಾನೇ ತೀರ್ಮಾನಿಸಿದರೆ ಮತ್ತೆ ಅದೇ ಎಕ್ಸೆಲ್ ಕಥೆ. ದಾರಿ ತೋರಿಸಿದ್ದು ಭಾವನ ಅಂಗಡಿ. ಅಲ್ಲಿ ಕೆಲಸಕ್ಕೆ ಸೇರುವ ಹುಡುಗನಿಗೆ ಮೊದಲು ಮಾದರಿ ಕಾಯಿ ಬೇರ್ಪಡಿಸುವ ಕೆಲಸ. ಆಮೇಲೆ ತೂಕ. ಆಮೇಲೆ ಪಟ್ಟಿ ಬರೆಯುವುದು. ಕೊನೆಗೆ ಒಂದು ದಿನ ಭಾವ ಚಹಾಕ್ಕೆ ಹೋಗುವ ನೆಪದಲ್ಲಿ ಗಲ್ಲಾಪೆಟ್ಟಿಗೆ ಅವನ ಕೈಗೆ ಬಿಟ್ಟು ಹೋಗುತ್ತಾರೆ. ತೂಕದಲ್ಲಿ ತಪ್ಪಿದರೆ ಒಂದು ಚೀಲದ ನಷ್ಟ, ಅದನ್ನು ಅವರು ಕಲಿಕೆಯ ಖರ್ಚೆಂದು ಬರೆದುಬಿಡುತ್ತಾರೆ. “ಮಂದಿ ಹುಡುಗರಿಗೆ ಹಿಂಗ ಕಲಸ್ತೀರಿ, ಮಗಳಿಗೆ ಮಾತ್ರ ಚೀಲಾ ಹೊಲಿದು ಕೈಯಾಗ ಕೊಡ್ತೀರಿ” ಎಂದೆ. ಭಾವ ಉತ್ತರ ಕೊಡಲಿಲ್ಲ. ಆದರೆ ಮುಂದಿನ ಭಾನುವಾರ ಮಗಳನ್ನು ಅಂಗಡಿಗೇ ಕರೆತಂದಿದ್ದರು.

ಅಂದು ಅವಳಿಗೆ ಒಂದೇ ಕೆಲಸ ಕೊಟ್ಟೆವು. ಎರಡೂ ರಾಜ್ಯಗಳ ಮಾಹಿತಿ ಪುಸ್ತಕ ಇಳಿಸಿಕೊಂಡು ಅರ್ಹತೆಯ ಪುಟಗಳನ್ನಷ್ಟೇ ಓದು. ನಿನಗೆ ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ, ತೆರೆಯಲು ಯಾವ ಕಾಗದ ಬೇಕು, ನಮಗೆ ಹೇಳು. ಗಡುವು ನಾಲ್ಕು ವಾರ. ನಡುವೆ ನಾವು ಕೇಳುವುದಿಲ್ಲ.

ಎರಡು ವಾರ ಏನೂ ನಡೆಯಲಿಲ್ಲ. ಅಕ್ಕ ದಿನಾ ಫೋನ್ ಮಾಡಿ “ಪುಸ್ತಕಾನ ತೆಗೆದಿಲ್ಲ ನೋಡು ಇಕಿ” ಎನ್ನುತ್ತಿದ್ದಳು. ಸುಮ್ಮನಿರುವುದು ಹಾಳೆ ಮಾಡುವುದಕ್ಕಿಂತ ಕಷ್ಟ ಎಂದು ನನಗೆ ತಿಳಿದದ್ದು ಆಗ. ಮೂರನೆಯ ವಾರ ಅವಳೇ ಫೋನ್ ಮಾಡಿದಳು. ಧಾರವಾಡದ ಅಜ್ಜಿ ಮನೆಯಲ್ಲಿದ್ದು ಪಿಯುಸಿ ಮಾಡಿದರೆ ಅಪ್ಪನ 7 ವರ್ಷದ ಓದಿನ ಮೇಲೆ ತನಗೆ ಅರ್ಹತೆ ಬರುತ್ತದೆ, ಅದಕ್ಕೆ ಅಪ್ಪನ ವ್ಯಾಸಂಗ ಪ್ರಮಾಣಪತ್ರ ಬೇಕು ಎಂದಳು. ಊರಿನ ಶಾಲೆಯ ಮುಖ್ಯಗುರುಗಳಿಗೂ ಅವಳೇ ಮಾತಾಡಿದಳು. ಅವರು ಕೇಳಿದ ಮೊದಲ ಪ್ರಶ್ನೆ, ಅಪ್ಪ ಶಾಲೆ ಸೇರಿದ ವರ್ಷ ಯಾವುದು. ಭಾವನಿಗೇ ನೆನಪಿಲ್ಲ. ಹಳೆಯ ದಾಖಲೆ ಪುಸ್ತಕ ತೆಗೆಸಿ ನೋಡಿದಾಗ ಬೇರೆಯೇ ಒಂದು ತೊಡಕು ಕಾಣಿಸಿತು.

ಊರಿನ ದಾಖಲೆಯಲ್ಲಿ ಭಾವನ ಹೆಸರು ನಮ್ಮ ಕಡೆಯ ರೀತಿಯಲ್ಲಿದೆ. ಪುಣೆಯಲ್ಲಿ ಮಗಳನ್ನು ಶಾಲೆಗೆ ಸೇರಿಸುವಾಗ ಅವರು ಇಲ್ಲಿಯ ಪದ್ಧತಿಯಂತೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಬರೆದಿದ್ದರು. ಅವಸರದಲ್ಲಿ ತಮ್ಮ ಹೆಸರಿನ ಒಂದು ಅಕ್ಷರವನ್ನೂ ತಪ್ಪಿ ಬರೆದಿದ್ದರು. ಎರಡು ಕಾಗದ ಪಕ್ಕಪಕ್ಕದಲ್ಲಿಟ್ಟರೆ ಇಬ್ಬರು ಬೇರೆ ಬೇರೆ ತಂದೆಯರು! ಸಿಬಿಎಸ್‌ಇ ಶಾಲೆಗಳಲ್ಲಿ ಒಂಬತ್ತನೆಯ ತರಗತಿಯ ನೋಂದಣಿಯಲ್ಲಿ ಹೋದ ವಿವರವೇ ಮುಂದೆ ಹತ್ತನೆಯ ಅಂಕಪಟ್ಟಿಗೆ ಬರುತ್ತದೆ. ಅಂಕಪಟ್ಟಿ ಬಂದ ಮೇಲೆ ತಿದ್ದಿಸುವುದು ದೊಡ್ಡ ಅಲೆದಾಟ. ನೋಂದಣಿ ಮುಗಿಯುವ ಮೊದಲೇ ಅರ್ಜಿ ಬರೆದು, ಅಪ್ಪನ ಸಹಿ ಹಾಕಿಸಿ, ಶಾಲೆಯ ಆಫೀಸಿಗೆ ಕೊಟ್ಟು ಸರಿಪಡಿಸಿಕೊಂಡಳು. ನನ್ನ ನಾಲ್ಕು ಹಾಳೆಯ ಎಕ್ಸೆಲ್‌ನಲ್ಲಿ ಈ ಸಾಲು ಎಲ್ಲೂ ಇರಲಿಲ್ಲ.

ಹಾಗೆಂದು ಎಲ್ಲವನ್ನೂ ಮಕ್ಕಳ ತಲೆಗೆ ಹಾಕಿ ಕೈತೊಳೆದುಕೊಳ್ಳಿ ಎಂದಲ್ಲ. ಕೆಲವು ದೊಡ್ಡವರ ಕೆಲಸವೇ. ಎಷ್ಟು ಹಣ ಇದೆ, ಎಷ್ಟು ಸಾಲ ಮಾಡಬಲ್ಲೆವು ಎಂದು ಮಕ್ಕಳಿಗೆ ನಿಜ ಹೇಳುವುದು ನಮ್ಮ ಕೆಲಸ. ಜಾತಿ, ಆದಾಯ, ಡೊಮಿಸೈಲ್ ಪ್ರಮಾಣಪತ್ರಗಳಿಗೆ ಕಚೇರಿ ಅಲೆಯುವುದು ನಮ್ಮ ಕೆಲಸ. ಕೊನೆಯ ದಿನ ತಪ್ಪದಂತೆ ಕಣ್ಣಿಡುವುದೂ ನಮ್ಮದೇ, ಯಾಕೆಂದರೆ ಅಲ್ಲಿ ತಪ್ಪಿದರೆ ಒಂದು ಚೀಲದ ನಷ್ಟವಲ್ಲ, ಒಂದು ವರ್ಷದ ನಷ್ಟ. ನಿಯಮ ಓದುವುದು, ದಿನದ ವೇಳೆ ಹಂಚಿಕೊಳ್ಳುವುದು, ಯಾವ ವಿಷಯ ಹಿಡಿಸುತ್ತದೆ ಎಂದು ಪರೀಕ್ಷಿಸಿ ನೋಡುವುದು, ತಿಳಿಯದ್ದನ್ನು ಮೇಷ್ಟ್ರಿಗೆ ಕೇಳುವುದು ಮಕ್ಕಳದು. ಅಲ್ಲಿ ಅವರು ಎಡವಲಿ. ಒಂಬತ್ತರಲ್ಲಿ ಎಡವಿದರೆ ಏಳಲು ಸಮಯವಿದೆ.

ಮುಂದೆ ಇಂಥ ತೀರ್ಮಾನಗಳು ಹೆಚ್ಚೇ ಆಗುತ್ತವೆ. 2026ರಿಂದ ಸಿಬಿಎಸ್‌ಇ ಹತ್ತನೆಯ ತರಗತಿಗೆ ವರ್ಷಕ್ಕೆ ಎರಡು ಪರೀಕ್ಷೆ, ಎರಡನೆಯದರಲ್ಲಿ ಮೂರು ವಿಷಯಗಳವರೆಗೆ ಅಂಕ ಸುಧಾರಿಸಿಕೊಳ್ಳಬಹುದು. ಕರ್ನಾಟಕದಲ್ಲಿ 2024ರಿಂದಲೇ ಎಸ್‌ಎಸ್‌ಎಲ್‌ಸಿ, ದ್ವಿತೀಯ ಪಿಯುಸಿಗೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಮಹಾರಾಷ್ಟ್ರದ ಹನ್ನೊಂದನೆಯ ತರಗತಿಯ ಪ್ರವೇಶ 2025-26ರಿಂದ ಇಡೀ ರಾಜ್ಯದಲ್ಲಿ ಆನ್‌ಲೈನ್. ಮತ್ತೆ ಬರೆಯಬೇಕೆ, ಯಾವ ವಿಷಯ, ಯಾವ ಕಾಲೇಜನ್ನು ಮೊದಲ ಆಯ್ಕೆಯಾಗಿ ಹಾಕಬೇಕು, ಎಲ್ಲವೂ ಆಯ್ಕೆಯ ಪ್ರಶ್ನೆಗಳೇ. ಅದುವರೆಗೆ ಒಂದನ್ನೂ ತಾನೇ ಆಯ್ದುಕೊಂಡಿರದ ಮಗು ಅಲ್ಲಿ ಅಪ್ಪನ ಮುಖ ನೋಡುತ್ತದೆ, ಅಪ್ಪ ಕೋಚಿಂಗ್‌ನವನ ಮುಖ ನೋಡುತ್ತಾನೆ.

ನಮ್ಮ ಹುಡುಗಿ ಇನ್ನೂ ತೀರ್ಮಾನಿಸಿಲ್ಲ. ಧಾರವಾಡಕ್ಕೆ ಹೋದರೆ ಗೆಳತಿಯರು ದೂರ, ಪುಣೆಯಲ್ಲೇ ಉಳಿದರೆ ಕರ್ನಾಟಕದ ಬಾಗಿಲು ಮುಚ್ಚುತ್ತದೆ. ಭಾವನಿಗೆ ಮಗಳು ಕಣ್ಣೆದುರೇ ಇರಲಿ ಎಂಬ ಆಸೆ, ಅಕ್ಕನಿಗೆ ತವರಿನ ಸೆಳೆತ. ಹತ್ತನೆಯ ತರಗತಿಯ ದೀಪಾವಳಿಯೊಳಗೆ ಹೇಳುತ್ತೇನೆ ಎಂದು ಗಡುವನ್ನೂ ಅವಳೇ ಹಾಕಿಕೊಂಡಿದ್ದಾಳೆ. ಎರಡೂ ಕಡೆಯ ಲಾಭ ನಷ್ಟವನ್ನು ಅಂಗಡಿಯ ಹಳೆಯ ಲೆಕ್ಕದ ವಹಿಯ ಹಿಂದಿನ ಪುಟದಲ್ಲಿ ಬರೆಯುತ್ತಿದ್ದಾಳಂತೆ. ಭಾವ ಅದನ್ನು ತೆರೆದು ನೋಡಿಲ್ಲ. “ಕೈ ಬಾಳ ತುರಸ್ತದ, ಆದ್ರ ನೋಡೂದಿಲ್ಲ” ಎಂದರು ಕಳೆದ ಭಾನುವಾರ. ನಾನೂ ನನ್ನ ಎಕ್ಸೆಲ್ ಹಾಳೆ ಅಳಿಸಿದ್ದೇನೆ.